ಆಟದ ನಡುವೆ ಪರದೆ ಕಪ್ಪಾದಾಗ

ಬಿಡಿ ಭಾಗಗಳನ್ನು ಒಂದೊಂದಾಗಿ ಕೊಂಡು ತಂದು ಮನೆಯಲ್ಲಿಯೇ ಜೋಡಿಸಿದ ಕಂಪ್ಯೂಟರ್ ನಿಮ್ಮದು. ಪಾಠ ಓದುವಾಗ, ಸಿನಿಮಾ ನೋಡುವಾಗ ಚೆನ್ನಾಗಿಯೇ ನಡೆಯುತ್ತದೆ. ಆಟ ಆರಂಭಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. 'ಗ್ರಾಫಿಕ್ಸ್ ಕಾರ್ಡ್ ಹೋಯಿತು' ಎಂದು ಗೆಳೆಯರು ತೀರ್ಪು ಕೊಡುತ್ತಾರೆ. ಹೊಸ ಕಾರ್ಡೆಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಇಳಕಲ್ಲಿನ ನೇಕಾರರ ಮನೆಯಲ್ಲಾಗಲಿ, ಹುನಗುಂದದ ರೈತರ ಮನೆಯಲ್ಲಾಗಲಿ ಅಷ್ಟು ಹಣವನ್ನು ಎರಡನೆಯ ಸಲ ಕೇಳುವುದು ಸುಲಭವಲ್ಲ. ಕೇಳುವ ಮೊದಲು ದೋಷವನ್ನು ಹುಡುಕೋಣ.

ಹಾಸಿನ ಎಳೆ ಹರಿದರೆ ನೇಕಾರ ಮಗ್ಗ ನಿಲ್ಲಿಸಿ, ಆ ಎಳೆಯನ್ನೇ ಹುಡುಕಿ ಗಂಟು ಹಾಕುತ್ತಾನೆ. ನೀವೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ, ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಮೊದಲು ಶಾಖ. 200 ವ್ಯಾಟ್ ಬಳಸುವ ಕಾರ್ಡ್ ಅಷ್ಟನ್ನೂ ಶಾಖವಾಗಿ ಹೊರಹಾಕುತ್ತದೆ. ಅದರ ಫ್ಯಾನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಬಾಗಲಕೋಟೆಯ ಬೇಸಿಗೆಯಲ್ಲಿ ಆ ಗಾಳಿಯೇ 40 ಡಿಗ್ರಿ! ಬಾದಾಮಿಯ ಕಲ್ಲು ಮನೆಗಳು ಸಂಜೆಯಾದರೂ ಬೇಗ ತಣಿಯುವುದಿಲ್ಲ. ಇಳಕಲ್ಲಿನ ಕಲ್ಲುಗಣಿಗಳ ಬಳಿ ಧೂಳೂ ಸೇರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಉಷ್ಣಾಂಶ ನೋಡಿ. ಅದು 90ರ ಆಸುಪಾಸಿಗೆ ಏರಿದ ಮೇಲೆಯೇ ಯಂತ್ರ ನಿಲ್ಲುತ್ತಿದ್ದರೆ, ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿ ಮತ್ತೆ ಆಡಿ. ಈಗ ನಿಲ್ಲದಿದ್ದರೆ ಕಾರಣ ಶಾಖವೇ. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ.

ಎರಡನೆಯದು ವಿದ್ಯುತ್ತು. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಉಳಿದದ್ದು ಪವರ್ ಸಪ್ಲೈಯಿಂದ ಬರುವ ಕೇಬಲ್ಲಿನದು: ಆರು ಪಿನ್ನಿನದಕ್ಕೆ 75, ಎಂಟು ಪಿನ್ನಿನದಕ್ಕೆ 150 ವ್ಯಾಟ್. ಉಷ್ಣಾಂಶ 60ರಲ್ಲಿರುವಾಗಲೇ ಇಡೀ ಯಂತ್ರ ಆರಿ ಮತ್ತೆ ಹೊತ್ತಿಕೊಂಡರೆ ಸಂಶಯ ಇತ್ತ ತಿರುಗಬೇಕು. ಕೇಬಲ್ಲುಗಳನ್ನು ಬಿಚ್ಚಿ ಗಟ್ಟಿಯಾಗಿ ಕೂರಿಸಿ. ಒಂದೇ ಕೇಬಲ್ಲಿನ ಎರಡು ಬಾಯಿಗಳನ್ನು ಬಳಸಿದ್ದರೆ, ಎರಡು ಬೇರೆ ಕೇಬಲ್ ಹಾಕಿ ನೋಡಿ. ಆದರೆ ಪವರ್ ಸಪ್ಲೈಯನ್ನು ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಮೂರನೆಯದು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ಕಾರ್ಡ್ ಎರಡು ಸೆಕೆಂಡು ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಮತ್ತೆ ಚಾಲೂ ಮಾಡಲು ಯತ್ನಿಸುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆ ಕಂಡರೆ ಹಾಗಾಗಿದೆ ಎಂದರ್ಥ. ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ಹೊಸ ಆವೃತ್ತಿ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಮರಳಿ. 41 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಕೊನೆಯ ಪರೀಕ್ಷೆ. ನಿಮ್ಮ ಕಾರ್ಡಿಗೆ ಸಾಕಾಗುವಷ್ಟು ಪವರ್ ಸಪ್ಲೈ ಇರುವ ಗೆಳೆಯನ ಯಂತ್ರದಲ್ಲಿ ಅದನ್ನು ಕೂರಿಸಿ. ಅಲ್ಲಿಯೂ ಪರದೆ ಕಪ್ಪಾದರೆ ದೋಷ ಬಹುಪಾಲು ಕಾರ್ಡಿನದೇ. ವಾರಂಟಿಯ ಚೀಟಿ ಹುಡುಕಿ. ಅಲ್ಲಿ ಸರಾಗವಾಗಿ ನಡೆದರೆ ಹೊಸ ಕಾರ್ಡಿನ ಹಣ ಉಳಿಯಿತು.

ಪ್ರತಿ ಪರೀಕ್ಷೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನ, ಉಷ್ಣಾಂಶ, ಬದಲಿಸಿದ್ದೇನು, ಆದದ್ದೇನು. ಅಂಗಡಿಯವರ ಮುಂದೆ ನಿಂತಾಗ ನಿಮ್ಮ ಪರವಾಗಿ ಮಾತಾಡುವುದು ಆ ಪುಟವೇ. ಕಾಲೇಜಿನ ಪ್ರಯೋಗಾಲಯದಲ್ಲಿ ನೀವು ಕಲಿಯುವುದೂ ಇದನ್ನೇ ಅಲ್ಲವೇ?