ಟೂರ್‌ಗೆ ಹೊರಟ ಅಪ್ಪನ ಶುಗರ್ ಪಾಲಿಸಿಯಲ್ಲಿ ಇದೆಯಾ?

ಅಪ್ಪ-ಅಮ್ಮನನ್ನು ಯುರೋಪ್ ತೋರಿಸಿಕೊಂಡು ಬರೋಣ ಅಂತ ಹೊರಡುವವರು ಈಗ ಬೇಕಾದಷ್ಟು ಜನ. ನನ್ನ ಆಫೀಸಿನಲ್ಲೇ ಪ್ರತಿ ಬೇಸಿಗೆಗೆ ಒಬ್ಬರಲ್ಲ ಒಬ್ಬರು ರಜೆ ಹಾಕಿರುತ್ತಾರೆ. ಎಲ್ಲರ ಬಳಿಯೂ ಒಂದು ಪಟ್ಟಿ ಇರುತ್ತದೆ: ವೀಸಾ, ಫಾರೆಕ್ಸ್ ಕಾರ್ಡ್, ಥರ್ಮಲ್, ಚಟ್ನಿಪುಡಿ, ಅವಲಕ್ಕಿ. ಕೊನೆಯಲ್ಲೆಲ್ಲೋ 'ಇನ್ಶೂರೆನ್ಸ್' ಅಂತ ಒಂದು ಸಾಲು. ಅದರ ಮುಂದೆ ಎಲ್ಲಕ್ಕಿಂತ ಬೇಗ ಟಿಕ್ ಬೀಳುತ್ತದೆ. 'ಅದನ್ನ ಟೂರ್ ಕಂಪನಿಯವರೇ ಮಾಡಿಸಿಕೊಡ್ತಾರೆ ಬಿಡಿ' ಅನ್ನುವುದು ಎಲ್ಲರ ಮಾತು.

ಕಳೆದ ವರ್ಷ ನಾವು ಮೂವರು ಹೊರಟಾಗಲೂ ಹಾಗೇ ಮಾಡಿಸಿಕೊಟ್ಟರು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಸೇರಿ ಹನ್ನೆರಡು ದಿನದ ಗ್ರೂಪ್ ಟೂರ್. ಅಪ್ಪ ತಿಪಟೂರಿನಲ್ಲಿ ನಿವೃತ್ತರಾದ ಹೈಸ್ಕೂಲ್ ಮೇಷ್ಟ್ರು, ವಯಸ್ಸು 66. ಹದಿನಾಲ್ಕು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಅಮ್ಮನಿಗೆ 60, ಥೈರಾಯ್ಡ್ ಬಿಟ್ಟರೆ ಗಟ್ಟಿಮುಟ್ಟು. ವೀಸಾ ಫೈಲಿಗೆಂದು ಮೇಲ್‌ನಲ್ಲಿ ಬಂದ ಪಾಲಿಸಿಯನ್ನು ನಾನು ಪೂರ್ತಿ ಓದಿದೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಡಾಕ್ಯುಮೆಂಟ್ ಓದಿ ಎಲ್ಲಿ ಕೈಕೊಡುತ್ತೆ ಅಂತ ಹುಡುಕುವುದೇ ನನ್ನ ಕೆಲಸ. ವಿಮಾ ಮೊತ್ತ 50,000 ಡಾಲರ್ ಅಂತ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಹನ್ನೊಂದನೇ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಮೊದಲೇ ಇರುವ ಕಾಯಿಲೆಗಳು ಮತ್ತು ಅವುಗಳಿಂದ ಉಂಟಾಗುವ ತೊಂದರೆಗಳಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ.

ಅಂದರೆ ಅಪ್ಪನ ಹೆಸರು ಪಾಲಿಸಿಯಲ್ಲಿ ಇತ್ತು, ಅಪ್ಪನ ಶುಗರ್ ಇರಲಿಲ್ಲ.

ವೀಸಾ ಕೇಳೋದು ಬೇರೆ, ಮನೆಯವರಿಗೆ ಬೇಕಾದ್ದು ಬೇರೆ

ಷೆಂಗೆನ್ ವೀಸಾ ನಿಯಮ ಇಷ್ಟು ಹೇಳುತ್ತದೆ: ವಿಮೆ ಕನಿಷ್ಠ 30,000 ಯುರೋ ಮೊತ್ತದ್ದಿರಬೇಕು; ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಊರಿಗೆ ವಾಪಸ್ ಕಳಿಸುವ ಖರ್ಚು ಮತ್ತು ಸಾವನ್ನು ಒಳಗೊಂಡಿರಬೇಕು; ಷೆಂಗೆನ್ ದೇಶಗಳಲ್ಲೆಲ್ಲ, ಇರುವಷ್ಟು ದಿನವೂ ನಡೆಯಬೇಕು. ಅವರ ಚಿಂತೆ ಏನೆಂದರೆ, ಬಂದ ಪ್ರವಾಸಿಯ ಆಸ್ಪತ್ರೆ ಬಿಲ್ಲು ತಮ್ಮ ಸರ್ಕಾರದ ಮೇಲೆ ಬೀಳಬಾರದು. ನಮ್ಮಪ್ಪನಿಗೆ ಹದಿನಾಲ್ಕು ವರ್ಷದ ಶುಗರ್ ಇದೆಯೋ ಇಲ್ಲವೋ, ಪಾಲಿಸಿ ಅದಕ್ಕೆ ಹೊಂದುತ್ತೋ ಇಲ್ಲವೋ ಅನ್ನೋದನ್ನ ವೀಸಾ ಕೌಂಟರ್‌ನಲ್ಲಿ ಯಾರೂ ನೋಡುವುದಿಲ್ಲ. ಹಾಗಾಗಿ ವೀಸಾ ಬಂದ ತಕ್ಷಣ ವಿಮೆ ಸರಿಯಾಗಿದೆ ಅಂದುಕೊಳ್ಳಬೇಡಿ.

ಇಲ್ಲಿನ ಮೆಡಿಕ್ಲೈಮ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ನಮ್ಮಲ್ಲಿನ ಬಹುಪಾಲು ಆರೋಗ್ಯ ವಿಮೆಗಳು ಭಾರತದ ಗಡಿ ದಾಟಿದರೆ ಕೆಲಸ ಮಾಡುವುದಿಲ್ಲ. ಕ್ರೆಡಿಟ್ ಕಾರ್ಡಿನ ಜೊತೆ 'ಫ್ರೀ' ಬರುವ ವಿಮೆಗೂ ಷರತ್ತುಗಳ ಉದ್ದ ಬಾಲವಿರುತ್ತದೆ. ಎರಡನ್ನೂ ಓದಿ ನೋಡಿ, ಆಮೇಲೆ ನಂಬಿ.

'ಶುಗರ್ ಈಗ ಯಾರಿಗಿಲ್ಲ?'

ಶುಗರ್‌ಗೂ ಅನ್ವಯಿಸುವ ಬೇರೆ ಪಾಲಿಸಿ ಹುಡುಕಿದ್ದು ಸುಲಭದ ಕೆಲಸ. ಕಷ್ಟ ಇದ್ದದ್ದು ಅಪ್ಪನನ್ನು ಒಪ್ಪಿಸುವುದರಲ್ಲಿ. ಅರ್ಜಿಯಲ್ಲಿ 'ಮಧುಮೇಹ ಇದೆಯೇ?' ಎಂಬ ಪ್ರಶ್ನೆ ಬಂದ ಕೂಡಲೇ 'ಇಲ್ಲ ಅಂತ ಹಾಕು' ಅಂದರು. 'ಶುಗರ್ ಈಗ ಯಾರಿಗಿಲ್ಲ? ಅದನ್ನೂ ಒಂದು ಕಾಯಿಲೆ ಅಂತ ಬರೆದುಕೊಂಡ್ರೆ ದುಡ್ಡು ಜಾಸ್ತಿ ಕೇಳ್ತಾರೆ, ಇಲ್ಲಾಂದ್ರೆ ಪಾಲಿಸಿನೇ ಕೊಡಲ್ಲ.'

ದುಡ್ಡು ನೆಪ ಅಷ್ಟೇ. ಊರಿನಲ್ಲಿ ಅಪ್ಪನ ಶುಗರ್ ವಿಷಯ ನಮ್ಮ ನೆಂಟರಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಬೇಡ ಅಂದರೆ ಎಲ್ಲಿ ಕೇಳುತ್ತಾರೋ ಅಂತ ತಿಂದುಬಿಡುತ್ತಾರೆ. ನಲವತ್ತು ಜನರ ಬಸ್ಸಿನಲ್ಲಿ 'ಪೇಷೆಂಟ್' ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಹುಷಾರಿಲ್ಲದ ಮನುಷ್ಯ ಟೂರ್ ಯಾಕೆ ಬರಬೇಕಿತ್ತು ಅಂತ ಯಾರಾದರೂ ಅಂದುಕೊಂಡಾರು ಎಂಬ ಸಂಕೋಚ. ಈ ಸಂಕೋಚ ನಮ್ಮ ಮನೆಯದು ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ನಾನು ವಾದ ಮಾಡಲಿಲ್ಲ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳ ಸಾರಾಂಶ ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. ಮೇಷ್ಟ್ರಿಗೆ ಓದೋಕೆ ಕೊಟ್ಟರೆ ಓದದೆ ಬಿಡುವುದಿಲ್ಲ.

ಮೊದಲನೆಯದು 2009ರದ್ದು. ಮೆಡಿಕ್ಲೈಮ್ ಮಾಡಿಸಿದ್ದ ಒಬ್ಬರು ತಮಗಿದ್ದ ಮಧುಮೇಹ ಮತ್ತು ಕಿಡ್ನಿ ತೊಂದರೆಯನ್ನು ಅರ್ಜಿಯಲ್ಲಿ ಹೇಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಹೆಂಡತಿ ಕೋರ್ಟ್ ಮೆಟ್ಟಿಲು ಹತ್ತಿದರೂ, ಕ್ಲೈಮ್ ನಿರಾಕರಿಸಿದ್ದು ಸರಿ ಎಂದೇ ತೀರ್ಪು ಬಂತು. ಇಂಥ ಮಾಹಿತಿಯನ್ನು ಮುಚ್ಚಿಟ್ಟರೆ ಒಪ್ಪಂದದ ಬುಡವೇ ಸಡಿಲವಾಗುತ್ತದೆ ಅನ್ನುವುದು ಅದರ ತಿರುಳು.

ಎರಡನೆಯದು 2021ರ ಡಿಸೆಂಬರ್‌ನದು, ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠದ್ದು. ಮದುವೆಗೆಂದು ಅಮೆರಿಕಕ್ಕೆ ಹೊರಟ ಒಬ್ಬರು ಪ್ರವಾಸದ ವಿಮೆ ಮಾಡಿಸುವಾಗ ತಮಗೆ ಮಧುಮೇಹ ಇದೆ ಎಂದು ಹೇಳಿದ್ದರು, ವೈದ್ಯಕೀಯ ತಪಾಸಣೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆವರು, ಸುಸ್ತು. ಆಸ್ಪತ್ರೆಗೆ ಸೇರಿಸಿದರೆ ಆಂಜಿಯೋಪ್ಲಾಸ್ಟಿ, ಮೂರು ಸ್ಟೆಂಟ್. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದನ್ನು ಹೇಳಿಲ್ಲ ಎಂದು ಕಂಪನಿ ಕ್ಲೈಮ್ ನಿರಾಕರಿಸಿತು. ಗ್ರಾಹಕರ ರಾಷ್ಟ್ರೀಯ ಆಯೋಗದಲ್ಲೂ ಅವರಿಗೆ ಸೋಲಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ಹೇಳಿದ್ದು: ಅರ್ಜಿದಾರ ತಿಳಿಸಿದ ಕಾಯಿಲೆಯನ್ನು ಅಳೆದು ನೋಡಿಯೇ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯನ್ನು ಮುಂದಿಟ್ಟು ಕ್ಲೈಮ್ ತಳ್ಳಿಹಾಕುವಂತಿಲ್ಲ.

ಅಪ್ಪ ಕನ್ನಡಕ ತೆಗೆದಿಟ್ಟು, 'ಅಂದ್ರೆ ಹೇಳಿದವನು ಗೆದ್ದ' ಅಂದರು. ಅಡುಗೆಮನೆಯಿಂದ ಅಮ್ಮ, 'ಭಾಷೆ ಬರದ ಊರಲ್ಲಿ ನಿಮಗೇನಾದ್ರೂ ಆದ್ರೆ ಫಾರಂ ಹಿಡ್ಕೊಂಡು ಓಡಾಡೋದು ನಾನು' ಅಂದರು. ಆಮೇಲೆ ಚರ್ಚೆ ನಡೆಯಲಿಲ್ಲ. ಶುಗರ್, ಬಿಪಿ, ಜೊತೆಗೆ ರಾತ್ರಿ ನುಂಗುವ ಕೊಲೆಸ್ಟ್ರಾಲ್ ಮಾತ್ರೆಯನ್ನೂ ಅಪ್ಪನೇ ಕೂತು ತುಂಬಿಸಿದರು. ಅವರ ಪಾಲಿನ ಪ್ರೀಮಿಯಂ ಸುಮಾರು ದುಪ್ಪಟ್ಟಾಯಿತು. ಟೂರಿನ ಒಟ್ಟು ಖರ್ಚಿನ ಎದುರಿಗೆ ಅದು ಏನೇನೂ ಅಲ್ಲ.

ಪಾಲಿಸಿಯಲ್ಲಿ ಏನನ್ನು ಹುಡುಕಬೇಕು?

ಪಾಲಿಸಿ ಪಿಡಿಎಫ್ ತೆರೆದು ಕಂಟ್ರೋಲ್-ಎಫ್ ಒತ್ತಿ, ಈ ನಾಲ್ಕು ಪದಗಳನ್ನು ಹುಡುಕಿ.

'ಪ್ರಿ-ಎಕ್ಸಿಸ್ಟಿಂಗ್': ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆ ಎಂದಿದ್ದರೂ ಅಲ್ಲಿಗೆ ನಿಲ್ಲಿಸಬೇಡಿ. ಹಲವು ಪಾಲಿಸಿಗಳಲ್ಲಿ ಅದು ಜೀವಕ್ಕೆ ಅಪಾಯ ಇರುವ ತುರ್ತು ಸ್ಥಿತಿಗೆ ಮಾತ್ರ, ಅದೂ ರೋಗಿ ಸ್ಥಿರವಾಗುವವರೆಗೆ ಮಾತ್ರ. ಅದಕ್ಕೆ ಒಟ್ಟು ಮೊತ್ತಕ್ಕಿಂತ ಕಡಿಮೆಯ ಬೇರೆ ಮಿತಿಯೂ ಇರಬಹುದು.

'ಸಬ್-ಲಿಮಿಟ್': ಅರವತ್ತು ದಾಟಿದವರಿಗೆ ಕೆಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆ, ಐಸಿಯು, ಆಪರೇಷನ್ ಒಂದೊಂದಕ್ಕೂ ಪ್ರತ್ಯೇಕ ಮಿತಿ ಇರುತ್ತದೆ. ಮೊದಲ ಪುಟದ 50,000 ಡಾಲರ್ ಕೈಗೆ ಬರುವಷ್ಟರಲ್ಲಿ ಸಣ್ಣದಾಗುವುದು ಇಲ್ಲೇ.

'ಡಿಡಕ್ಟಿಬಲ್': ಪ್ರತಿ ಕ್ಲೈಮ್‌ನಲ್ಲಿ ಮೊದಲ ಇಷ್ಟು ಡಾಲರ್ ನಿಮ್ಮದೇ ಖರ್ಚು ಎಂಬ ಷರತ್ತು. ಇದು ನೂರು ಡಾಲರ್ ಇದ್ದರೆ ಸಣ್ಣಪುಟ್ಟ ಡಾಕ್ಟರ್ ಫೀಸು ನಿಮ್ಮ ಜೇಬಿಗೇ.

'ಎಕ್ಸ್‌ಕ್ಲೂಷನ್': ಯಾವುದಕ್ಕೆ ದುಡ್ಡು ಬರುವುದಿಲ್ಲ ಎಂಬ ಪಟ್ಟಿ. ಪ್ಯಾರಾಗ್ಲೈಡಿಂಗ್‌ನಂಥ ಸಾಹಸ, ಕುಡಿದಾಗ ಆದ ಅನಾಹುತ, ಡಾಕ್ಟರ್ ಬೇಡ ಅಂದರೂ ಹೊರಟ ಪ್ರವಾಸ ಎಲ್ಲ ಸಾಮಾನ್ಯವಾಗಿ ಇಲ್ಲಿರುತ್ತವೆ.

ದಿನಾಂಕವನ್ನೂ ನೋಡಿ. ವಿಮಾನ ತಡವಾದರೆ ಇರಲಿ ಅಂತ ವಾಪಸ್ ಬರುವ ದಿನದ ಮೇಲೆ ಒಂದೆರಡು ದಿನ ಸೇರಿಸಿಕೊಳ್ಳುವುದು ಒಳ್ಳೆಯದು. ಊರು ಬಿಟ್ಟ ಮೇಲೆ ಹೊಸದಾಗಿ ಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ.

ವಿಮೆಗಿಂತ ಮೊದಲು ಡಾಕ್ಟರು

ವಿಮೆ ದುಡ್ಡು ಕೊಡುತ್ತದೆ, ಆರೋಗ್ಯ ಕೊಡುವುದಿಲ್ಲ. ಹೊರಡುವ ತಿಂಗಳ ಮೊದಲು ಅಪ್ಪನನ್ನು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು ಶೂ ಬಗ್ಗೆ! ಅಪ್ಪ ಟೂರ್‌ಗೆಂದೇ ಹೊಸ ಶೂ ತಂದಿದ್ದರು. ಹಳೆಯ ಶುಗರ್ ಇರುವವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಯುರೋಪಿನ ಹಳೇ ಬೀದಿಗಳ ಕಲ್ಲುಹಾಸಿನ ಮೇಲೆ ದಿನವಿಡೀ ನಡೆಯಬೇಕು. ಆದ್ದರಿಂದ ಆ ಶೂ ಹಾಕಿಕೊಂಡು ಒಂದು ತಿಂಗಳು ಇಲ್ಲೇ ವಾಕಿಂಗ್ ಮಾಡಿ, ಅಲ್ಲಿ ಪ್ರತಿ ರಾತ್ರಿ ಪಾದ ನೋಡಿಕೊಳ್ಳಿ ಅಂದರು.

ಎರಡನೆಯದು ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಮ್ಮವರ ಟೂರುಗಳಲ್ಲಿ ತಪ್ಪದೇ ಬರುವ, 'ಟಾಪ್ ಆಫ್ ಯುರೋಪ್' ಎಂದು ಕರೆಯುವ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣ 3,454 ಮೀಟರ್. ಕೆಳಗಿನ ಇಂಟರ್‌ಲಾಕೆನ್ ಊರಿನಿಂದ ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ತಲುಪಿಬಿಡುತ್ತೇವೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ್ದಕ್ಕೆ ಹೋಲಿಸಿದರೆ ಮೂರರಲ್ಲಿ ಎರಡು ಪಾಲಿನಷ್ಟು, ಅಂದರೆ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್‌ಗೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಅಪ್ಪನ ಇಸಿಜಿ ನೋಡಿ 'ಹೋಗಿ, ಆದರೆ ಆತುರ ಬೇಡ, ಮೆಟ್ಟಿಲು ನಿಧಾನ' ಅಂದರು. ಚಳಿಯಲ್ಲಿ ಗ್ಲುಕೋಮೀಟರ್ ಕೈಕೊಡಬಹುದು ಎಂದು ಅದನ್ನು ಜಾಕೆಟ್ ಒಳಗೆ ಇಟ್ಟುಕೊಳ್ಳಲು ಹೇಳಿದರು.

ಮೂರನೆಯದು ಹೊತ್ತು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಹೋಗುವ ದಿನ ಅಷ್ಟು ಉದ್ದವಾಗುತ್ತದೆ, ಬರುವ ದಿನ ಅಷ್ಟು ಮೊಟಕಾಗುತ್ತದೆ. ಮಾತ್ರೆ, ಇನ್ಸುಲಿನ್ ಯಾವಾಗ ಅನ್ನೋದನ್ನ ಡಾಕ್ಟರ ಕೈಯಲ್ಲೇ ಬರೆಸಿಕೊಂಡೆವು. ವಿಮಾನದಲ್ಲಿ ಒಂದೇ ಕಡೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ಓಡಾಡುವುದು, ನೀರು ಕುಡಿಯುವುದೂ ಆ ಚೀಟಿಯಲ್ಲಿತ್ತು.

ಔಷಧಿಯೆಲ್ಲ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಚೆಕ್-ಇನ್ ಲಗೇಜಿಗೆ ಹಾಕಲೇಬಾರದು. ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಯ್ಯಿರಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರಿರಲಿ: ನಮ್ಮ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಗೊತ್ತಾಗದು, ಮೆಟ್‌ಫಾರ್ಮಿನ್ ಅಂದರೆ ಗೊತ್ತಾಗುತ್ತದೆ. ಭಾನುವಾರ ಅಲ್ಲಿ ಬಹುತೇಕ ಔಷಧಿ ಅಂಗಡಿಗಳು ಮುಚ್ಚಿರುತ್ತವೆ, ಆ್ಯಂಟಿಬಯೋಟಿಕ್‌ಗೆ ಚೀಟಿ ಬೇಕೇಬೇಕು. ಆದ್ದರಿಂದ ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್ ಜೊತೆಗಿರಲಿ.

ಲೂಸರ್ನ್‌ನಲ್ಲಿ ಅಮ್ಮನ ಮಣಿಕಟ್ಟು

ಇಷ್ಟೆಲ್ಲ ಅಪ್ಪನಿಗೆಂದು ತಯಾರಾದರೆ, ವಿಮೆ ಬೇಕಾದದ್ದು ಗಟ್ಟಿಮುಟ್ಟಾದ ಅಮ್ಮನಿಗೆ! ಲೂಸರ್ನ್‌ನಲ್ಲಿ ಮಳೆಗೆ ಒದ್ದೆಯಾದ ಕಲ್ಲುಬೀದಿಯಲ್ಲಿ ಜಾರಿ, ಕೈಯೂರಿ ಬಿದ್ದರು. ಮಣಿಕಟ್ಟು ಅರ್ಧ ಗಂಟೆಯಲ್ಲಿ ಊದಿಕೊಂಡಿತು. ಪಾಲಿಸಿಯಲ್ಲಿದ್ದ ಸಹಾಯವಾಣಿಗೆ ನಾನು ಮೊದಲು ಫೋನ್ ಮಾಡಿ ಕೇಸ್ ನಂಬರ್ ಬರೆದುಕೊಂಡೆ, ಆಮೇಲೆ ಆಸ್ಪತ್ರೆಗೆ ಹೋದೆವು. ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಬಿಲ್ಲು 380 ಫ್ರಾಂಕ್. ಕ್ಯಾಶ್‌ಲೆಸ್ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ, ಹೊರರೋಗಿಗಳು ಮೊದಲು ಕಟ್ಟಿ ಆಮೇಲೆ ಪಡೆಯಬೇಕು. ಬಿಲ್ಲು, ರಸೀದಿ, ವೈದ್ಯರ ವರದಿ, ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟ ಎಲ್ಲವನ್ನೂ ಕಳಿಸಿದ ಐದು ವಾರಕ್ಕೆ ನೂರು ಡಾಲರ್ ಕಳೆದು ಉಳಿದ ಹಣ ಬಂತು.

ಜೀವಕ್ಕೇ ಅಪಾಯ ಅನ್ನಿಸಿದರೆ ಮಾತ್ರ ಈ ಕ್ರಮ ಮರೆತು ನೇರ 112ಕ್ಕೆ ಫೋನ್ ಮಾಡಿ. ಯುರೋಪ್ ಒಕ್ಕೂಟದ ದೇಶಗಳಲ್ಲೆಲ್ಲ, ಸ್ವಿಟ್ಜರ್ಲೆಂಡಿನಲ್ಲೂ ಆ ಸಂಖ್ಯೆ ನಡೆಯುತ್ತದೆ. ವಿಮೆಯವರಿಗೆ ಆಮೇಲೆ ತಿಳಿಸಿದರಾಯಿತು.

ಕ್ಲೈಮ್ ಅನ್ಯಾಯವಾಗಿ ತಿರಸ್ಕೃತವಾಯಿತು ಅನ್ನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನಲ್ಲೇ ಇದೆ, ಶುಲ್ಕವಿಲ್ಲ. ಅಲ್ಲಿಯೂ ನಿಮ್ಮ ಕೈಯಲ್ಲಿರುವ ಬಲವಾದ ಕಾಗದ ಅಂದರೆ ನೀವು ಪ್ರಾಮಾಣಿಕವಾಗಿ ತುಂಬಿದ ಅರ್ಜಿ. ಅದರ ಒಂದು ಪ್ರತಿ ಇಟ್ಟುಕೊಳ್ಳಿ.

ಅಪ್ಪ ಯುಂಗ್‌ಫ್ರೌನ ಹಿಮದಲ್ಲಿ ನಿಧಾನಕ್ಕೆ ಓಡಾಡಿದರು. ಬಸ್ಸಿನಲ್ಲಿ ಊಟದ ಹೊತ್ತು ಮೀರಿದಾಗ 'ನನಗೆ ಶುಗರ್ ಇದೆ, ಏನಾದ್ರೂ ತಿನ್ನಬೇಕು' ಅಂತ ಟೂರ್ ಮ್ಯಾನೇಜರ್‌ಗೆ ತಾವೇ ಹೇಳಿದರು. ಹಿಂದಿನ ಸೀಟಿನ ಹುಬ್ಬಳ್ಳಿಯ ಹಿರಿಯರು ಕೂಡಲೇ 'ನನಗೂ ಐತ್ರಿ ಮೇಷ್ಟ್ರೇ' ಅಂತ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟರು. ಆಮೇಲೆ ಅವರಿಬ್ಬರೂ ದಿನಾ ರಾತ್ರಿ ರೀಡಿಂಗ್ ಹೋಲಿಸಿಕೊಳ್ಳುತ್ತಿದ್ದರು.

ನೀವೂ ಈ ರಜೆಯಲ್ಲಿ ಹಿರಿಯರನ್ನು ಕರೆದುಕೊಂಡು ಹೊರಟಿದ್ದರೆ, ವಿಮೆಗಳ ಬೆಲೆ ಹೋಲಿಸುವ ಮೊದಲು ಮನೆಯಲ್ಲಿರುವ ಮಾತ್ರೆ ಡಬ್ಬಿ ತೆರೆದು ನೋಡಿ. ಅದರಲ್ಲಿ ಇರುವುದೆಲ್ಲ ಅರ್ಜಿಯಲ್ಲೂ ಇರಲಿ.