ಬೋಸಾವ್ ಊರಿನ ಹೆಸರುಗಳು

ಜರ್ಮನಿಯ ಉತ್ತರದಲ್ಲಿ ಷ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ಸೀಮೆಯುಂಟು. ಅಲ್ಲಿನ ಸರೋವರಗಳಲ್ಲೆಲ್ಲ ದೊಡ್ಡದಾದ ಪ್ಲ್ಯೋನ್ ಸರೋವರದ ದಡದಲ್ಲಿ ಬೋಸಾವ್ ಎಂಬ ಸಣ್ಣ ಊರಿರುವುದು. ಸುತ್ತಣ ಹತ್ತಾರು ಹಳ್ಳಿಗಳನ್ನು ಕೂಡಿಸಿ ಒಂದು ಪಂಚಾಯತಿ ಮಾಡಿದ್ದಾರೆ. ಎಲ್ಲವೂ ಸೇರಿ ಜನಸಂಖ್ಯೆ ಮೂರು ಸಾವಿರಕ್ಕೆ ತುಸು ಮೇಲೆ. ಇಷ್ಟು ಚಿಕ್ಕ ಊರಿನ ಚರಿತ್ರೆಯನ್ನು ವಾಚಕರ ಮುಂದಿಡಲು ಕಾರಣ, ಅಲ್ಲಿನ ಹೆಸರುಗಳೇ.

ಹಳ್ಳಿಗಳ ಹೆಸರುಗಳನ್ನು ಓದುತ್ತ ಹೋದರೆ ಅವು ಎರಡು ಬಗೆಯವೆಂದು ತಿಳಿಯುವುದು. ಕ್ಲೈನ್‌ನೋಯ್‌ಡೋರ್ಫ್ ಎಂದರೆ ಚಿಕ್ಕ ಹೊಸಹಳ್ಳಿ. ಬ್ರಾಕ್‌ರಾಡೆ ಎಂಬುದರ ಕೊನೆಯ ಪದಕ್ಕೆ ಕಾಡು ಕಡಿದು ಮಾಡಿದ ನೆಲವೆಂದರ್ಥ. ಹುಟ್ಸ್‌ಫೆಲ್ಡ್ ಎಂಬಲ್ಲಿನ 'ಫೆಲ್ಡ್' ಎಂದರೆ ಹೊಲ. ಇವು ಜರ್ಮನ್ ಹೆಸರುಗಳು. ಬೋಸಾವ್ ಎಂಬುದೂ ಹಾಗೆಯೇ ಕಿವಿಗೆ ಬೀಳುವುದಾದರೂ ಅದು ಜರ್ಮನ್ ಅಲ್ಲ. ಹಳೆಯ ಬರಹಗಳಲ್ಲಿ ಅದು 'ಬೊಜೋವೆ' ಎಂದಿದೆ. ಸ್ಲಾವ್ ಭಾಷೆಯ 'ಓವ್' ಎಂಬ ಕೊನೆಯೇ ಜರ್ಮನರ ನಾಲಗೆಯಲ್ಲಿ 'ಆವ್' ಆಯಿತು. ಸರೋವರದ ಪ್ಲ್ಯೋನ್ ಎಂಬ ಹೆಸರೂ, ಮಹಾನಗರ ಲ್ಯೂಬೆಕ್ಕಿನ ಹೆಸರೂ ಸ್ಲಾವರವೇ. ಲ್ಯೂಬೆಕ್ಕಿನ ಮೂಲರೂಪವಾದ 'ಲ್ಯೂಬಿತ್ಸೆ'ಗೆ ಚೆಲುವಾದುದೆಂದು ಅರ್ಥ. ಓಲ್ಡನ್‌ಬುರ್ಗ್ ಪಟ್ಟಣದ ಹೆಸರಾದರೋ ಭಾಷಾಂತರ: ಸ್ಲಾವರು 'ಸ್ತಾರಿಗಾರ್ದ್', ಹಳೆಯ ಕೋಟೆ, ಎಂದು ಕರೆದುದನ್ನು ಜರ್ಮನರು ತಮ್ಮ ಮಾತಿಗೆ ತಿರುಗಿಸಿಕೊಂಡರು.

ಈ ಸ್ಲಾವರು ವಾಗ್ರಿಯರೆಂಬ ಕುಲದವರು. 1138-39ನೆಯ ಇಸವಿಯ ಚಳಿಗಾಲದಲ್ಲಿ ಸ್ಯಾಕ್ಸನರು ಅವರ ನಾಡನ್ನು ಸುಟ್ಟು ಸೂರೆಮಾಡಿದರು. 1143ರಲ್ಲಿ ಹೋಲ್‌ಸ್ಟೈನಿನ ಒಡೆಯನಾದ ಎರಡನೆಯ ಅಡಾಲ್ಫನು ಫ್ಲಾಂಡರ್ಸ್, ಹಾಲೆಂಡ್, ವೆಸ್ಟ್‌ಫಾಲಿಯ, ಫ್ರೀಸ್‌ಲೆಂಡ್ ಮುಂತಾದೆಡೆಗಳಿಗೆ ದೂತರನ್ನಟ್ಟಿ, ಬಂದವರಿಗೆ ಒಳ್ಳೆಯ ನೆಲವನ್ನು ಕೊಡುವೆನೆಂದು ಸಾರಿಸಿದನು. ಬಂದವರು ಕಾಡು ಕಡಿದರು, ಹೊಲ ಮಾಡಿದರು. ಡೋರ್ಫ್, ಫೆಲ್ಡ್, ರಾಡೆ ಎಂಬ ಹೆಸರುಗಳ ಹಿಂದೆ ಇರುವುದು ಇಂತಹ ಒಕ್ಕಲುಗಳ ಶ್ರಮವೇ.

ಬೋಸಾವ್ ಊರು ವಿಸೆಲಿನ್ ಎಂಬ ಬಿಷಪನಿಗೆ ಉಂಬಳಿಯಾಗಿ ದೊರೆಯಿತು. ಆತನು ಅಲ್ಲಿಗೆ ಬಂದಾಗ ತಲೆಮರೆಸಿಕೊಳ್ಳಲು ಗುಡಿಸಲೂ ಇರದೆ, ಒಂದು ಬೀಚ್ ಮರದಡಿಯಲ್ಲಿ ವಾಸಮಾಡಿದನಂತೆ. ಆ ಬಳಿಕ 1151-52ರ ಸುಮಾರಿಗೆ ಹೊಲದಲ್ಲಿ ಸಿಕ್ಕಿದ ಗುಂಡುಕಲ್ಲುಗಳಿಂದ ಕಟ್ಟಿಸಿದ ಸಂತ ಪೀಟರನ ಇಗರ್ಜಿಯು ಇಂದಿಗೂ ಸರೋವರದಂಚಿನಲ್ಲಿ ನಿಂತಿದೆ.

ಆ ಇಗರ್ಜಿಯ ಪಾದ್ರಿಯಾದ ಹೆಲ್ಮೋಲ್ಡನು ಲ್ಯಾಟಿನ್ ಭಾಷೆಯಲ್ಲಿ 'ಸ್ಲಾವರ ಚರಿತ್ರೆ'ಯನ್ನು ಬರೆದನು. ಮೇಲಿನ ಸಂಗತಿಗಳಲ್ಲಿ ಹೆಚ್ಚಿನವು ನಮಗೆ ತಿಳಿದುಬಂದುದು ಆ ಗ್ರಂಥದಿಂದಲೇ. ಆತನು ಗೆದ್ದವರ ಪಕ್ಷದವನು. 1156ರಲ್ಲಿ ಗೆರೋಲ್ಡ್ ಬಿಷಪನ ಜತೆಗೆ ಹೋಗಿ, ಸ್ಲಾವರ ಪ್ರೋವೆ ಎಂಬ ದೇವರ ಬನವನ್ನು ಹಾಳುಗೆಡವಿದವರಲ್ಲಿ ತಾನೂ ಒಬ್ಬನೆಂದು ಸಂತೋಷದಿಂದಲೇ ಹೇಳಿಕೊಂಡಿದ್ದಾನೆ. ಆದರೂ ಸೋತವರ ಮಾತನ್ನು ಆತನು ಬಿಡಲಿಲ್ಲ. ನಮಗೆ ಈ ಪಾದ್ರಿಯಲ್ಲಿ ಗೌರವ ಹುಟ್ಟುವುದು ಇದರಿಂದಲೇ. ಅದೇ ವರ್ಷ ಲ್ಯೂಬೆಕ್ಕಿನ ಸಂತೆಯಲ್ಲಿ ಬಿಷಪನು ಸ್ಲಾವರಿಗೆ ಕ್ರೈಸ್ತಧರ್ಮವನ್ನು ಬೋಧಿಸಿದಾಗ, ಅವರ ಅರಸು ಪ್ರಿಬಿಸ್ಲಾವನು ಎದ್ದು ಉತ್ತರ ಕೊಟ್ಟನಂತೆ. ನಿಮ್ಮ ಪ್ರಭುಗಳ ತೆರಿಗೆಯ ಭಾರಕ್ಕೆ ನಮಗೆ ಬಾಳುವುದಕ್ಕಿಂತ ಸಾಯುವುದೇ ಲೇಸಾಗಿದೆ. ಈ ಮೂಲೆಯಲ್ಲಿರುವ ನಾವು ಒಂದೇ ವರ್ಷದಲ್ಲಿ ಡ್ಯೂಕನಿಗೆ ಸಾವಿರ ಮಾರ್ಕು ತೆತ್ತಿದ್ದೇವೆ. ಸ್ಯಾಕ್ಸನರಿಗಿರುವ ಹಕ್ಕನ್ನೇ ನಮಗೂ ಕೊಡಿರಿ, ನಾವು ಸಂತೋಷದಿಂದ ಕ್ರೈಸ್ತರಾಗಿ ಇಗರ್ಜಿಗಳನ್ನು ಕಟ್ಟುವೆವು ಎಂಬುದು ಅವನ ಮಾತಿನ ಸಾರ. ಆ ಹಕ್ಕು ದೊರೆಯಲಿಲ್ಲ. ವಾಗ್ರಿಯರು ಕ್ರಮೇಣ ಕಡಮೆಯಾದರು, ಅವರ ಭಾಷೆಯೂ ಅಡಗಿತು. ಅವರಿಟ್ಟ ಹೆಸರನ್ನು ಮಾತ್ರ ಹೊಸ ಒಕ್ಕಲಿನವರು ದಾರಿ ಕೇಳುವಾಗಲೂ ಕಂದಾಯ ಕಟ್ಟುವಾಗಲೂ ಹೇಳುತ್ತ ಬಂದರು.

ಮುಂದಿನ ರಾಜಕೀಯ ಸಂಗತಿಗಳನ್ನು ಬೇಗನೆ ಮುಗಿಸುವೆವು. ಊರು ಬಹುಕಾಲ ಲ್ಯೂಬೆಕ್ಕಿನ ಬಿಷಪರದಾಗಿದ್ದು, 1803ರಲ್ಲಿ ಪಶ್ಚಿಮದ ದೂರದ ಓಲ್ಡನ್‌ಬುರ್ಗ್ ಸಂಸ್ಥಾನಕ್ಕೂ (ಮೇಲೆ ಹೇಳಿದ ಓಲ್ಡನ್‌ಬುರ್ಗ್ ಬೇರೆ, ಇದು ಬೇರೆ), 1937ರಲ್ಲಿ ಪ್ರಷ್ಯದ ಷ್ಲೆಸ್ವಿಗ್-ಹೋಲ್‌ಸ್ಟೈನಿಗೂ ಸೇರಿತು.

ಸ್ಲಾವರಿಗಿಂತಲೂ ಹಿಂದಿನವರ ಗುರುತೊಂದು ಬ್ರಾಕ್ ಎಂಬ ಹಳ್ಳಿಯಲ್ಲಿ ದೊರೆಯಿತು. ಮಹಾಯುದ್ಧವು ಮುಗಿದ ಮೇಲೆ, 1946-47ರ ಸುಮಾರಿನಲ್ಲಿ, ಒಲೆಗೆ ಉರುವಲಾಗುವ ಜೌಗುಮಣ್ಣನ್ನು ಅಗೆಯುತ್ತಿದ್ದವರಿಗೆ ಕವಲೊಡೆದ ಮರದ ಕೊಂಬೆಗಳಲ್ಲಿ ಕೆತ್ತಿದ ಒಂದು ಗಂಡು, ಒಂದು ಹೆಣ್ಣು ವಿಗ್ರಹಗಳು ಸಿಕ್ಕಿದವು. ಎರಡೂ ಆಳಿಗಿಂತ ಎತ್ತರವಾದವು, ಕ್ರಿಸ್ತಪೂರ್ವ ಶತಮಾನಗಳವು. ಆ ದೇವತೆಗಳನ್ನು ಜನರು ಏನೆಂದು ಕರೆಯುತ್ತಿದ್ದರೋ, ಬರೆದಿಡಲು ಆಗ ಯಾವ ಪಾದ್ರಿಯೂ ಇರಲಿಲ್ಲ. ಷ್ಲೆಸ್ವಿಗ್ ನಗರದ ಗೊಟ್ಟೋರ್ಫ್ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಅವನ್ನು 'ಬ್ರಾಕ್‌ನ ದೇವದಂಪತಿ' ಎಂದು ಕರೆಯುತ್ತಾರೆ.