ಸಿಸ್ಟೋಸ್ಕೋಪಿ: ಅಂಜಿಕೆ ಬೇಡ, ಅರಿವಿರಲಿ

ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಾಗ ನಮ್ಮ ಜನರು ಮೊದಲು ಆಡುವ ಮಾತು ‘ಮೈಗೆ ಉಷ್ಣವಾಗಿದೆ’ ಎಂಬುದು. ಎಳನೀರು, ಬಾರ್ಲಿ ಗಂಜಿ, ಬಾಳೆದಿಂಡಿನ ರಸ, ನೆಗ್ಗಿಲು ಮುಳ್ಳಿನ ಕಷಾಯ ಒಂದೊಂದಾಗಿ ನಡೆಯುತ್ತವೆ. ಎರಡು ದಿನಗಳಲ್ಲಿ ಮೂತ್ರ ತಿಳಿಯಾಗುತ್ತದೆ. ರೋಗ ಹೋಯಿತೆಂದು ಮನೆಯವರೆಲ್ಲ ನಿಶ್ಚಿಂತರಾಗುತ್ತಾರೆ. ಅಪಾಯವಿರುವುದು ಈ ನಿಶ್ಚಿಂತೆಯಲ್ಲಿಯೇ. ಮೂತ್ರಕೋಶದ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋವು ಕೊಡುವುದಿಲ್ಲ. ಒಮ್ಮೆ ರಕ್ತ ತೋರಿಸಿ, ತಾನಾಗಿ ನಿಂತು, ಕೆಲವು ವಾರ ಅಥವಾ ತಿಂಗಳುಗಳ ಬಳಿಕ ಮತ್ತೆ ತೋರಿಸುವುದುಂಟು. ರಕ್ತ ಕಷಾಯದಿಂದ ನಿಂತಿತೋ ತಾನಾಗಿ ನಿಂತಿತೋ ಎಂಬುದು ಹೊರಗಿನಿಂದ ತಿಳಿಯದು.

ಆದ್ದರಿಂದ ಆಯುರ್ವೇದ ವೈದ್ಯನಾಗಿಯೇ ಸದ್ಭಕ್ತರಲ್ಲಿ ಈ ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ: ಮೂತ್ರದಲ್ಲಿ ರಕ್ತ ಕಂಡರೆ, ಅದು ಒಂದೇ ಸಲವಾಗಿರಲಿ, ನೋವಿಲ್ಲದೆಯೇ ಇರಲಿ, ಮೊದಲು ಕಾರಣ ತಿಳಿಯಬೇಕು, ಔಷಧ ಅನಂತರ. ಬೀಟ್‌ರೂಟ್ ತಿಂದಾಗ ಅಥವಾ ಕ್ಷಯದ ಕೆಲವು ಮಾತ್ರೆಗಳಿಂದಲೂ ಮೂತ್ರ ಕೆಂಪಾಗಬಹುದು. ಅದು ರಕ್ತವೋ ಅಲ್ಲವೋ ಎಂಬುದನ್ನು ಮೂತ್ರಪರೀಕ್ಷೆಯೇ ನಿರ್ಣಯಿಸಬೇಕು. ಈ ಕಾರಣವನ್ನು ಹುಡುಕುವಾಗ ತಜ್ಞವೈದ್ಯರು ಸೂಚಿಸುವ ಮುಖ್ಯ ಪರೀಕ್ಷೆಗಳಲ್ಲಿ ಸಿಸ್ಟೋಸ್ಕೋಪಿ ಒಂದು.

ಏನಿದು ಪರೀಕ್ಷೆ?

ಪೆನ್ಸಿಲಿಗಿಂತ ತೆಳ್ಳಗಿನ ನಳಿಕೆಯೊಂದನ್ನು ಮೂತ್ರದ್ವಾರದ ಮೂಲಕ ಒಳಗೆ ಸಾಗಿಸಿ, ಬೆಳಕಿನಲ್ಲಿ ಮೂತ್ರಮಾರ್ಗವನ್ನೂ ಮೂತ್ರಕೋಶದ ಒಳಗೋಡೆಯನ್ನೂ ಕಣ್ಣಾರೆ ನೋಡುವುದೇ ಸಿಸ್ಟೋಸ್ಕೋಪಿ. ಸ್ಕ್ಯಾನಿಂಗ್ ಮಾಡಿಸಿದ ಮೇಲೆ ಇದೇಕೆ ಎಂದು ಹಲವರು ಕೇಳುತ್ತಾರೆ. ಸ್ಕ್ಯಾನಿಂಗ್ ಅಗತ್ಯವೇ, ಆದರೆ ಬಹಳ ಚಿಕ್ಕದಾದ ಅಥವಾ ಗೋಡೆಗೆ ಚಪ್ಪಟೆಯಾಗಿ ಅಂಟಿದ ಬೆಳವಣಿಗೆ ಅದರ ಕಣ್ಣಿಗೆ ತಪ್ಪಬಹುದು. ಪದೇ ಪದೇ ಬರುವ ಸೋಂಕು, ಮೂತ್ರಕೋಶದ ಕಲ್ಲು, ಮೂತ್ರಮಾರ್ಗದ ಸಂಕೋಚ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇವುಗಳಲ್ಲಿಯೂ ಈ ಪರೀಕ್ಷೆ ಬೇಕಾಗಬಹುದು.

ಮೂತ್ರಮಾರ್ಗದೊಳಗೆ ನಳಿಕೆ ಹಾಕುವುದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಅದೇ ಮಾರ್ಗದಿಂದ ಔಷಧವನ್ನು ಮೂತ್ರಕೋಶಕ್ಕೆ ಸೇರಿಸುವ ಉತ್ತರಬಸ್ತಿಯನ್ನು ಆಯುರ್ವೇದದ ಪ್ರಾಚೀನ ಸಂಹಿತೆಗಳು ವಿವರಿಸಿವೆ. ಬೆಳೆದ ಅಶ್ಮರಿಗೆ ಸುಶ್ರುತ ಸಂಹಿತೆಯು ಶಸ್ತ್ರಚಿಕಿತ್ಸೆಯನ್ನು ವಿಧಿಸಿದೆ. ಅಂದಿನವರಿಗೆ ಇಲ್ಲದಿದ್ದುದು ಒಳಗಿನ ಬೆಳಕು. ಜರ್ಮನಿಯ ವೈದ್ಯ ಮ್ಯಾಕ್ಸಿಮಿಲಿಯನ್ ನಿಟ್ಸೆ 1877ರಲ್ಲಿ ಪ್ರದರ್ಶಿಸಿದ ಉಪಕರಣದಿಂದ ಆ ಬೆಳಕು ದೊರೆಯಿತು.

ಹೋಗುವ ಮುನ್ನ

ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದನ್ನು ಗುಣಪಡಿಸಿ, ಆಮೇಲೆ ಪರೀಕ್ಷೆ ಮಾಡುವುದು ರೂಢಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಮುಂತಾದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ತಪ್ಪದೆ ತಿಳಿಸಿರಿ, ತಾವಾಗಿಯೇ ನಿಲ್ಲಿಸಬೇಡಿರಿ. ಮಧುಮೇಹ, ಹೃದ್ರೋಗ, ಔಷಧದ ಅಲರ್ಜಿ, ಗರ್ಭಾವಸ್ಥೆ ಇದ್ದರೆ ಅದನ್ನೂ ಹೇಳಿರಿ. ಆಯುರ್ವೇದದ ಚೂರ್ಣ, ಗುಳಿಗೆಗಳನ್ನು ಮುಚ್ಚಿಡಬೇಡಿರಿ. ಮೂತ್ರದ್ವಾರಕ್ಕೆ ಮಾತ್ರ ಮರಗಟ್ಟಿಸುವ ಮುಲಾಮು ಹಚ್ಚಿ ಮಾಡುವುದಾದರೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಅಥವಾ ಪ್ರಜ್ಞೆ ತಪ್ಪಿಸಿ ಮಾಡುವುದಾದರೆ ವೈದ್ಯರು ಹೇಳಿದಷ್ಟು ಹೊತ್ತು ಆಹಾರ ಬಿಡಬೇಕು. ಜೊತೆಗೆ ಮನೆಯವರೊಬ್ಬರು ಇರಬೇಕು.

ಇಷ್ಟಲಿಂಗವನ್ನು ತೆಗೆಯಬೇಕಾದೀತೆಂದು ಕೆಲವು ಹಿರಿಯರು ಪರೀಕ್ಷೆಯನ್ನೇ ಮುಂದೂಡುವುದುಂಟು. ಒಳಗೆ ನೋಡುವುದಷ್ಟೇ ಆದರೆ ಕೆಲಸವೆಲ್ಲ ಸೊಂಟದ ಕೆಳಗೆ. ಶಸ್ತ್ರಕ್ರಿಯೆಯಲ್ಲಿ ವಿದ್ಯುತ್ ಉಪಕರಣ ಬಳಸುವುದಿದ್ದರೆ ಮೈಮೇಲೆ ಲೋಹ ಇರಬಾರದೆನ್ನುತ್ತಾರೆ. ಬೆಳ್ಳಿಯ ಕರಡಿಗೆಯ ಬದಲು ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದೇ ಎಂದು ಹಿಂದಿನ ದಿನವೇ ವಿಚಾರಿಸಿರಿ.

ಪರೀಕ್ಷೆಯ ವೇಳೆ

ಮೂತ್ರದ್ವಾರವನ್ನು ಶುಚಿಗೊಳಿಸಿ, ಮುಲಾಮು ಹಾಕಿ, ಕೆಲವು ನಿಮಿಷ ಬಿಟ್ಟು ನಳಿಕೆಯನ್ನು ಒಳಸೇರಿಸುತ್ತಾರೆ. ಮೂತ್ರಕೋಶ ಹಿಗ್ಗಲೆಂದು ಶುದ್ಧ ದ್ರವವನ್ನು ತುಂಬುವುದರಿಂದ ಮೂತ್ರಕ್ಕೆ ಅವಸರವಾದಂತೆ ಎನಿಸುತ್ತದೆ. ಅದು ಸಹಜ. ಸ್ತ್ರೀಯರ ಮೂತ್ರಮಾರ್ಗ ಸುಮಾರು 4 ಸೆಂಟಿಮೀಟರ್ ಮಾತ್ರ. ಪುರುಷರದು ಸುಮಾರು 20 ಸೆಂಟಿಮೀಟರ್ ಇರುವುದರಿಂದ ಅವರಿಗೆ ಅಹಿತ ಸ್ವಲ್ಪ ಹೆಚ್ಚು. ಮೈ ಬಿಗಿಹಿಡಿಯದೆ ನಿಧಾನವಾಗಿ ಉಸಿರಾಡಿದರೆ ನಳಿಕೆ ಸುಲಭವಾಗಿ ಸಾಗುತ್ತದೆ. ನೋಡುವ ಕೆಲಸ ಸಾಮಾನ್ಯವಾಗಿ ಐದು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಸ್ತ್ರೀಯರು ಮಹಿಳಾ ಸಿಬ್ಬಂದಿ ಜೊತೆಯಲ್ಲಿರಲೆಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಅನಂತರ

ಒಂದೆರಡು ದಿನ ಮೂತ್ರ ಮಾಡುವಾಗ ಉರಿ, ತೆಳು ಗುಲಾಬಿ ಬಣ್ಣ ಇರಬಹುದು. ನೀರನ್ನು ಧಾರಾಳವಾಗಿ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿ ಕುಡಿಯಬೇಕು. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಕಡುಕೆಂಪು ರಕ್ತ ಅಥವಾ ಹೆಪ್ಪು ಬಿದ್ದರೆ, ನೋವು ಏರುತ್ತಾ ಹೋದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಆ ಹೊತ್ತು ಕಷಾಯದ ಹೊತ್ತಲ್ಲ.

ಕಣ್ಣಿಗೆ ಕಂಡುದನ್ನು ವೈದ್ಯರು ಅಂದೇ ಹೇಳಬಲ್ಲರು. ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದ್ದರೆ ವರದಿಗೆ ಕೆಲವು ದಿನ ಬೇಕು. ಆ ವರದಿಯನ್ನು ಪಡೆಯದೆ ಬಿಡುವುದು ಪರೀಕ್ಷೆ ಮಾಡಿಸದಿರುವುದಕ್ಕೆ ಸಮ. ಬೀಡಿ, ಸಿಗರೇಟು ಸೇದುವವರು ಮತ್ತಷ್ಟು ಎಚ್ಚರದಿಂದಿರಬೇಕು. ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಹೊಗೆಯೇ. ಆರಂಭದಲ್ಲಿ ಕಂಡುಹಿಡಿದರೆ ಅನೇಕರಲ್ಲಿ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಮೂತ್ರಮಾರ್ಗದಿಂದಲೇ ತೆಗೆಯಬಹುದು. ತಡವಾದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು.

ನಾಚಿಕೆಯಿಂದ ಈ ರೋಗವನ್ನು ಮನೆಯವರಿಗೂ ಹೇಳದೆ ಇರುವವರು ನಮ್ಮಲ್ಲಿ ಬಹಳ. ಕಾಯವನ್ನು ಶಿವನ ನೆಲೆಯೆಂದು ಭಾವಿಸಿದ ಶರಣರ ಪರಂಪರೆಯವರಾದ ನಮಗೆ ದೇಹದ ಯಾವ ಅಂಗವೂ ನಾಚಿಕೆಯ ವಿಷಯವಾಗಬಾರದು. ರಕ್ತ ಕಂಡ ದಿನವೇ ಮನೆಯವರಿಗೆ ಹೇಳಿರಿ, ಆ ವಾರದಲ್ಲಿಯೇ ವೈದ್ಯರನ್ನು ಕಾಣಿರಿ.